ಸಿಂಗಲ್ ಲಿವರ್ ನಲ್ಲಿ ಸೋರುತ್ತಿದೆಯೇ? ಹೊಸದು ತರುವ ಮುಂಚೆ ಇದನ್ನು ನೋಡಿ

ಒಂದೇ ಹಿಡಿಯಲ್ಲಿ ಬಿಸಿನೀರು, ತಣ್ಣೀರು ಎರಡೂ ಬರುವ ನಲ್ಲಿ ಇದೆಯಲ್ಲ, ಅಂಗಡಿಯವರು ಸಿಂಗಲ್ ಲಿವರ್ ಮಿಕ್ಸರ್ ಅನ್ನುತ್ತಾರಲ್ಲ, ಅದು ಸೋರಲು ಶುರುವಾದರೆ ಪ್ಲಂಬರ್ ಬಾಯಿಂದ ಮೊದಲು ಬರುವ ಮಾತು ಇದು: "ಬಾಡಿ ಹೋಗಿದೆ ಸಾರ್, ಹೊಸದು ಹಾಕ್ಬಿಡೋಣ." ಬಹಳಷ್ಟು ಸಲ ಬಾಡಿಗೆ ಏನೂ ಆಗಿರುವುದಿಲ್ಲ. ಹಿತ್ತಾಳೆ ಬಾಡಿ ಅಷ್ಟು ಸುಲಭಕ್ಕೆ ಹಾಳಾಗುವ ವಸ್ತುವಲ್ಲ. ಹೋಗಿರುವುದು ಒಳಗಿನ ಕಾರ್ಟ್ರಿಡ್ಜ್, ಇಲ್ಲವೇ ಒಂದು ರಬ್ಬರ್ ರಿಂಗ್, ಇಲ್ಲವೇ ಬೇಸಿನ್ ಕೆಳಗಿನ ಪೈಪ್. ಕೆಲವು ಸಲ ಏನೂ ಹೋಗಿರುವುದೇ ಇಲ್ಲ, ತುದಿಯ ಜಾಲರಿಯಲ್ಲಿ ಮರಳು ಕೂತಿರುತ್ತದೆ ಅಷ್ಟೆ.

ಹಾಗಾಗಿ ಪಾನಾ ಕೈಗೆ ತೆಗೆದುಕೊಳ್ಳುವ ಮುಂಚೆ ಒಂದೇ ಕೆಲಸ ಮಾಡಿ. ನಲ್ಲಿಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಒಣಗಿಸಿ, ನೀರು ಎಲ್ಲಿಂದ ಬರುತ್ತಿದೆ ಎಂದು ಕಣ್ಣಿಟ್ಟು ನೋಡಿ. ಮೂತಿಯಿಂದಲೇ, ಹಿಡಿಯ ಬುಡದಿಂದಲೇ, ಮೂತಿ ತಿರುಗುವ ಸಂದಿನಿಂದಲೇ, ಬೇಸಿನ್ ಅಡಿಯಿಂದಲೇ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಒಳಗೆ ಏನಿದೆ

ಹಳೆಯ ತಿರುಗಿಸುವ ನಲ್ಲಿಯಲ್ಲಿ ಒಂದು ವಾಷರ್ ಇರುತ್ತಿತ್ತು. ಅದು ಸವೆದರೆ ಎರಡು ರೂಪಾಯಿ ವಾಷರ್ ಹಾಕಿ ಮುಗಿಸುತ್ತಿದ್ದೆವು. ಸಿಂಗಲ್ ಲಿವರ್‌ನಲ್ಲಿ ವಾಷರ್ ಇಲ್ಲ. ಹಿಡಿಯ ಕೆಳಗೆ ಪ್ಲಾಸ್ಟಿಕ್ ಡಬ್ಬಿಯಂಥ ಕಾರ್ಟ್ರಿಡ್ಜ್ ಇದೆ, ಅದರೊಳಗೆ ಎರಡು ಸೆರಾಮಿಕ್ ಬಿಲ್ಲೆ, ಬೀಸುವ ಕಲ್ಲಿನ ಹಾಗೆ ಒಂದರ ಮೇಲೊಂದು. ಕೆಳಗಿನದು ಅಲ್ಲಾಡುವುದಿಲ್ಲ. ಅದರಲ್ಲಿ ಮೂರು ತೂತು: ಬಿಸಿನೀರು ಬರಲು ಒಂದು, ತಣ್ಣೀರಿಗೆ ಒಂದು, ಹೊರಗೆ ಹೋಗಲು ಒಂದು. ಮೇಲಿನ ಬಿಲ್ಲೆಯನ್ನು ನಿಮ್ಮ ಹಿಡಿ ಸರಿಸುತ್ತದೆ. ಎತ್ತಿದರೆ ತೂತು ತೆರೆಯುತ್ತದೆ, ಪಕ್ಕಕ್ಕೆ ತಿರುಗಿಸಿದರೆ ಬಿಸಿ ತಣ್ಣನೆಯ ಪಾಲು ಬದಲಾಗುತ್ತದೆ. ಎರಡು ಬಿಲ್ಲೆಯನ್ನೂ ಎಷ್ಟು ನುಣುಪಾಗಿ ಉಜ್ಜಿರುತ್ತಾರೆ ಎಂದರೆ ನಡುವೆ ನೀರು ನುಸುಳಲು ಜಾಗವೇ ಇರುವುದಿಲ್ಲ.

ಇದಕ್ಕೆ ಶತ್ರು ಮರಳು. ಟ್ಯಾಂಕ್ ತೊಳೆದ ಮರುದಿನ, ಸಂಪ್ ಖಾಲಿಯಾಗಿ ತಳದ ನೀರು ಮೇಲೆ ಹೋದ ದಿನ, ಬೋರ್ ಮೋಟಾರ್ ರಿಪೇರಿ ಆದ ದಿನ, ಇಂಥ ಹೊತ್ತಲ್ಲೇ ಒಂದು ಕಣ ಒಳಗೆ ಸಿಕ್ಕಿಕೊಂಡು ಬಿಲ್ಲೆಗೆ ಗೆರೆ ಎಳೆಯುತ್ತದೆ ಅಥವಾ ಅಂಚು ಚಕ್ಕೆ ಎಬ್ಬಿಸುತ್ತದೆ. ಆಮೇಲೆ ಎಷ್ಟು ಒತ್ತಿ ಮುಚ್ಚಿದರೂ ಹನಿ ನಿಲ್ಲುವುದಿಲ್ಲ. ಒತ್ತಿ ಮುಚ್ಚುವುದು ಹಳೆ ನಲ್ಲಿಯ ಅಭ್ಯಾಸ. ಇಲ್ಲಿ ಅದರಿಂದ ಪ್ರಯೋಜನ ಇಲ್ಲ, ಹಿಡಿ ಸಡಿಲಾಗುತ್ತದೆ ಅಷ್ಟೆ.

ಮೂತಿಯಿಂದ ಹನಿ ಬೀಳುತ್ತಿದ್ದರೆ

ಮೊದಲು ಒಂದು ಸಮಾಧಾನದ ಮಾತು. ಮುಚ್ಚಿದ ಮೇಲೆ ಸ್ವಲ್ಪ ಹೊತ್ತು ನಾಲ್ಕೈದು ಹನಿ ಬಿದ್ದು ನಿಂತರೆ ಅದು ದೋಷವಲ್ಲ. ಎತ್ತರದ ಬಾಗಿದ ಮೂತಿಯಲ್ಲಿ ಉಳಿದ ನೀರು ಇಳಿಯುತ್ತಿದೆ. ಶವರ್‌ನಲ್ಲಂತೂ ಇದು ಇದ್ದೇ ಇರುತ್ತದೆ. ಅರ್ಧ ಗಂಟೆ ಆದಮೇಲೂ ಒಂದೇ ಸಮನೆ ಬೀಳುತ್ತಿದ್ದರೆ ಮಾತ್ರ ಕಾರ್ಟ್ರಿಡ್ಜ್ ಹೋಗಿದೆ ಅಂತ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ 21 ಲೀಟರ್ ಆಯಿತು, ಒಂದು ಬಕೆಟ್‌ಗಿಂತ ಜಾಸ್ತಿ. ಅದು ಗೀಸರ್ ಕಡೆಯ ನೀರಾದರೆ ಕರೆಂಟೂ ಸೋರಿದ ಹಾಗೆ.

ಯಾವ ಕಡೆಯದು ಎಂದು ತಿಳಿಯಲು ಬೇಸಿನ್ ಕೆಳಗೆ ಗೋಡೆಯಿಂದ ಪೈಪಿಗೆ ನೀರು ಬಿಡುವ ಎರಡು ಪುಟ್ಟ ನಲ್ಲಿ ಇವೆಯಲ್ಲ, ಆ ಆಂಗಲ್ ಕಾಕ್‌ಗಳಲ್ಲಿ ಒಂದನ್ನು ಮುಚ್ಚಿ ನೋಡಿ. ಬಿಸಿಯದು ಮುಚ್ಚಿದಾಗ ಹನಿ ನಿಂತರೆ ಬಿಸಿ ಕಡೆಯ ಸೋರಿಕೆ. ಯಾವ ಕಡೆಯಾದರೂ ಬದಲಿಸಬೇಕಾದ್ದು ಅದೇ ಕಾರ್ಟ್ರಿಡ್ಜ್, ನಿಜ. ಆದರೆ ಹೊಸದು ಬರುವ ತನಕ ಆ ಒಂದು ಕಾಕ್ ಮುಚ್ಚಿಟ್ಟು ಇನ್ನೊಂದರಲ್ಲಿ ಕಾಲ ತಳ್ಳಬಹುದಲ್ವಾ.

ಕಾರ್ಟ್ರಿಡ್ಜ್ ಬದಲಿಸುವುದು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹಾಳಾಗುವುದೆಲ್ಲ ಇಲ್ಲೇ.

ಗೀಸರ್ ಆಫ್ ಮಾಡಿ. ಎರಡೂ ಆಂಗಲ್ ಕಾಕ್ ಮುಚ್ಚಿ. ಹಳೆ ಮನೆಗಳಲ್ಲಿ ಈ ಕಾಕ್‌ಗಳನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ, ತಿರುಗಿದರೂ ನೀರು ಪೂರ್ತಿ ನಿಲ್ಲುವುದಿಲ್ಲ. ಆಗ ಟೆರೇಸ್ ಮೇಲೆ ಟ್ಯಾಂಕಿನ ಹತ್ತಿರದ ವಾಲ್ವ್ ಮುಚ್ಚಬೇಕು. ಸೋಲಾರ್ ಇದ್ದರೆ ಅದರ ಬಿಸಿನೀರು ಲೈನಿನ ವಾಲ್ವ್ ಬೇರೆಯೇ ಇರುತ್ತದೆ, ಅದನ್ನು ಮರೆತರೆ ಕೈ ಸುಡುತ್ತದೆ. ಹಿಡಿಯನ್ನು ನಡುವೆ ಎತ್ತಿ ಉಳಿದ ನೀರು ಇಳಿಸಿ. ಬೇಸಿನ್ ತೂತಿಗೆ ಒಂದು ಬಟ್ಟೆ ತುರುಕಿ, ಏಕೆಂದರೆ ಈಗ ತೆಗೆಯುವ ಸ್ಕ್ರೂ ಅಕ್ಕಿಕಾಳಿನಷ್ಟಿರುತ್ತದೆ.

ಹಿಡಿಯ ಮುಂದೆಯೋ ಹಿಂದೆಯೋ ಕೆಂಪು ನೀಲಿ ಬಣ್ಣದ ಒಂದು ಪುಟ್ಟ ಬಟನ್ ಇರುತ್ತದೆ. ಪಿನ್ನಿನಲ್ಲಿ ಅಥವಾ ಚಾಕು ತುದಿಯಲ್ಲಿ ಎಬ್ಬಿಸಿ. ಒಳಗೆ ತಲೆಯಿಲ್ಲದ ಸ್ಕ್ರೂ ಕಾಣುತ್ತದೆ. ಸಾಮಾನ್ಯವಾಗಿ 2.5 ಮಿಲಿಮೀಟರ್ ಅಲೆನ್ ಕೀ ಹಿಡಿಯುತ್ತದೆ, ಕೆಲವಕ್ಕೆ 3. ಸುಮಾರಾಗಿ ಕೂರುವ ಕೀ ಹಾಕಿ ತಿರುಗಿಸಬೇಡಿ. ಸ್ಕ್ರೂನ ಆರು ಮೂಲೆ ಉರುಟಾದರೆ ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕಾಗುತ್ತದೆ, ಆಗ ಪ್ಲಂಬರ್ ಹೇಳಿದ್ದೇ ನಿಜವಾಗುತ್ತದೆ. ಪೂರ್ತಿ ಬಿಚ್ಚುವ ಅಗತ್ಯ ಇಲ್ಲ, ಎರಡು ಮೂರು ಸುತ್ತು ಸಡಿಲ ಮಾಡಿದರೆ ಹಿಡಿ ಮೇಲಕ್ಕೆ ಬರುತ್ತದೆ. ಬರದಿದ್ದರೆ ಬುಡದಲ್ಲಿ ಬಿಳಿ ಉಪ್ಪು ಕಟ್ಟಿಕೊಂಡಿದೆ ಎಂದರ್ಥ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ, ಆಮೇಲೆ ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಿ. ಸುತ್ತಿಗೆ ಬೇಡ.

ಹಿಡಿಯ ಕೆಳಗೆ ಹೊಳೆಯುವ ಗುಮ್ಮಟದಂಥ ಮುಚ್ಚಳ ಇದೆ. ಇದನ್ನು ಕೈಯಲ್ಲೇ ತಿರುಗಿಸಿ ತೆಗೆಯಬಹುದು. ಜಾರಿದರೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಪ್ಲೇಯರ್ ಹಾಕಿದರೆ ಹಲ್ಲಿನ ಗುರುತು ಜೀವನಪೂರ್ತಿ ಇರುತ್ತದೆ. ಅದರ ಕೆಳಗೆ ಕಾರ್ಟ್ರಿಡ್ಜ್ ಒತ್ತಿ ಹಿಡಿದ ದೊಡ್ಡ ಹಿತ್ತಾಳೆ ನಟ್. ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿ, ಇನ್ನೊಂದು ಕೈಯಲ್ಲಿ ನಲ್ಲಿಯ ಬಾಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಡಿಯದಿದ್ದರೆ ನಟ್ ಬದಲು ಇಡೀ ನಲ್ಲಿಯೇ ಬೇಸಿನ್ ಮೇಲೆ ಗರಗರ ತಿರುಗಿ ಕೆಳಗಿನ ಪೈಪ್‌ಗಳು ಹುರಿಗಟ್ಟುತ್ತವೆ.

ಈಗ ಕಾರ್ಟ್ರಿಡ್ಜ್ ಕಾಣಿಸುತ್ತದೆ. ತೆಗೆಯುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ, ಹೇಗೆ ಕೂತಿತ್ತು ಎನ್ನುವುದು ಆಮೇಲೆ ಬೇಕಾಗುತ್ತದೆ. ನೇರ ಮೇಲಕ್ಕೆ ಎಳೆಯಿರಿ. ತಿರುವಿ ಹಾಕಿದರೆ ಅಡಿಯಲ್ಲಿ ರಬ್ಬರ್ ಸೀಲುಗಳು, ಕೂರಿಸಲು ಎರಡು ಪ್ಲಾಸ್ಟಿಕ್ ಮೊಳೆ. ಸೀಲು ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ, ಅಥವಾ ಅದರ ಮೇಲೆ ಸುಣ್ಣದ ಚೂರು ಕೂತಿದ್ದರೆ, ಸೋರಿದ್ದಕ್ಕೆ ಕಾರಣ ಕೈಯಲ್ಲೇ ಇದೆ. ಸುಣ್ಣ ಮಾತ್ರ ಇದ್ದರೆ ತೊಳೆದು ಹಾಕಿ ನೋಡಬಹುದು. ಬಿಲ್ಲೆಗೆ ಗೆರೆ ಬಿದ್ದಿದ್ದರೆ ತೊಳೆದು ಲಾಭ ಇಲ್ಲ.

ಅದೇ ಹೊತ್ತಿಗೆ ಬಾಡಿಯ ಒಳಗೂ ಟಾರ್ಚ್ ಬಿಡಿ. ಕಾರ್ಟ್ರಿಡ್ಜ್ ಕೂರುವ ತಳ ನುಣುಪಾಗಿರಬೇಕು. ಅಲ್ಲಿ ಗುಳಿ ಬಿದ್ದು ಒರಟಾಗಿದ್ದರೆ, ಆಗ ಮಾತ್ರ ನಿಜವಾಗಿ ಬಾಡಿ ಹೋಗಿದೆ. ಬಟ್ಟೆಯಿಂದ ಒರೆಸಿ, ಮೇಲೆ ಒಂದು ಲೋಟ ಬೋರಲು ಹಿಡಿದು ತಣ್ಣೀರಿನ ಆಂಗಲ್ ಕಾಕನ್ನು ಒಂದು ಕ್ಷಣ ತೆರೆದು ಮುಚ್ಚಿ. ಪೈಪಿನಲ್ಲಿದ್ದ ಮರಳು ಚಿಮ್ಮಿ ಬರುತ್ತದೆ. ಬಿಸಿ ಕಡೆಯದನ್ನೂ ಹಾಗೇ ಮಾಡಿ, ಆದರೆ ಪೈಪಿನ ನೀರು ಆರಿದ ಮೇಲೆ. ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಹೊಸ ಕಾರ್ಟ್ರಿಡ್ಜ್ ವಾರದೊಳಗೆ ಮತ್ತೆ ಸೋರುತ್ತದೆ.

ಅಂಗಡಿಗೆ ಹಳೆಯದನ್ನೇ ತೆಗೆದುಕೊಂಡು ಹೋಗಿ. ವಾಟ್ಸಾಪ್ ಫೋಟೋ ಸಾಲದು. ನಮ್ಮಲ್ಲಿ ಹೆಚ್ಚು ಸಿಗುವುದು 35 ಮತ್ತು 40 ಮಿಲಿಮೀಟರ್ ಅಗಲದವು, ಚಿಕ್ಕ ನಲ್ಲಿಗೆ 25 ಕೂಡ ಇದೆ. ಅಗಲ ಒಂದೇ ಆದರೂ ಎತ್ತರ, ಹಿಡಿ ಕೂರುವ ಕಡ್ಡಿಯ ಉದ್ದ, ಅಡಿಯ ಮೊಳೆಗಳ ಜಾಗ ಬೇರೆ ಬೇರೆ. ಎರಡನ್ನೂ ಕೌಂಟರ್ ಮೇಲೆ ಪಕ್ಕಪಕ್ಕ ಇಟ್ಟು ಅಡಿಯ ತೂತುಗಳನ್ನೂ ಹೋಲಿಸಿ ನೋಡಿ. ಕಂಪನಿಯದ್ದೇ ಸಿಕ್ಕರೆ ಅದೇ ತನ್ನಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ.

ಹೊಸದನ್ನು ಕೂರಿಸುವಾಗ ಅಡಿಯ ಮೊಳೆಗಳು ತೂತಿನೊಳಗೆ ಇಳಿದಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಿ, ಅಲ್ಲಾಡಬಾರದು. ಆಮೇಲೆ ನಟ್. ಮೊದಲು ಕೈಯಲ್ಲಿ, ಕೊನೆಗೆ ಸ್ಪ್ಯಾನರ್‌ನಲ್ಲಿ ಸ್ವಲ್ಪ. ಜಾಸ್ತಿ ಬಿಗಿದರೆ ಹಿಡಿ ಅಲ್ಲಾಡಿಸಲು ಎರಡು ಕೈ ಬೇಕಾಗುತ್ತದೆ, ಕಮ್ಮಿಯಾದರೆ ಬುಡದಲ್ಲಿ ಜಿನುಗುತ್ತದೆ. ನೀರು ಬಿಟ್ಟು ನೋಡಿ, ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ನೀರು ಬಿಡುವ ಮುಂಚೆ ಮೂತಿಯ ಜಾಲರಿ ತೆಗೆದಿಟ್ಟಿರಿ, ಒಂದೆರಡು ನಿಮಿಷ ಹರಿದ ಮೇಲೆ ಮತ್ತೆ ಹಾಕಿ.

ಹಿಡಿಯ ಬುಡದಲ್ಲಿ, ಮೂತಿಯ ಸಂದಿನಲ್ಲಿ

ನಲ್ಲಿ ತೆರೆದಾಗ ಮಾತ್ರ ಹಿಡಿಯ ಕೆಳಗಿನಿಂದ ನೀರು ಬರುತ್ತಿದ್ದರೆ ಮೊದಲು ಆ ಹಿತ್ತಾಳೆ ನಟ್ ಬಿಗಿ ಮಾಡಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಅಡಿಯ ಸೀಲು.

ಅಡುಗೆಮನೆ ಸಿಂಕಿನ ತಿರುಗುವ ಮೂತಿಯ ಬುಡದಲ್ಲಿ ಜಿನುಗಿದರೆ ಕಾರ್ಟ್ರಿಡ್ಜ್ ಮುಟ್ಟಬೇಡಿ, ಅದರ ತಪ್ಪಿಲ್ಲ. ಮೂತಿ ಕೂತಿರುವ ಕಡೆ ಸಾಮಾನ್ಯವಾಗಿ ಎರಡು ಓ-ರಿಂಗ್ ಇರುತ್ತವೆ. ಪಾತ್ರೆ ತೊಳೆಯುವಾಗ ದಿನಕ್ಕೆ ಎಷ್ಟು ಸಲ ಆ ಕಡೆ ಈ ಕಡೆ ತಿರುಗಿಸುತ್ತೇವೆ, ರಬ್ಬರ್ ಸವೆಯದೆ ಇನ್ನೇನು. ಅದೇ ಅಳತೆಯ ರಿಂಗ್ ತಂದು ಸಿಲಿಕೋನ್ ಗ್ರೀಸ್ ಸವರಿ ಹಾಕಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬೇಡ. ಆ ಹೊತ್ತಿಗೆ ಜಾರುತ್ತದೆ ನಿಜ, ಆದರೆ ಇಂಥ ನಲ್ಲಿಗಳಲ್ಲಿ ಬಳಸುವ ಕೆಲವು ಬಗೆಯ ರಬ್ಬರ್ ಎಣ್ಣೆ ಕುಡಿದು ಊದಿಕೊಳ್ಳುತ್ತದೆ.

ಹಿಡಿ ಸುಮ್ನೆ ಲೊಡಲೊಡ ಅನ್ನುತ್ತಿದ್ದರೆ ಆ ಅಲೆನ್ ಸ್ಕ್ರೂ ಸಡಿಲ. ಎತ್ತಿದ ಹಿಡಿ ತಾನಾಗಿ ಕೆಳಗಿಳಿದರೆ ಕಾರ್ಟ್ರಿಡ್ಜ್ ಸವೆದಿದೆ.

ಬೇಸಿನ್ ಕೆಳಗೆ ಒದ್ದೆ

ಇಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ನೀರು ಕಾಣಿಸುವ ಜಾಗ ಬೇರೆ, ಹೊರಡುವ ಜಾಗ ಬೇರೆ. ಎಲ್ಲವನ್ನೂ ಒಣಗಿಸಿ, ಪೈಪಿನ ಮೇಲಿನ ತುದಿ, ಕೆಳಗಿನ ತುದಿ, ಆಂಗಲ್ ಕಾಕ್, ಒಂದೊಂದಕ್ಕೂ ಟಿಶ್ಯೂ ಪೇಪರ್ ಸುತ್ತಿ. ಮೊದಲು ಯಾವುದು ಒದ್ದೆಯಾಗುತ್ತದೋ, ಅದರಲ್ಲೂ ಎಲ್ಲಕ್ಕಿಂತ ಮೇಲೆ ಯಾವುದು ಒದ್ದೆಯಾಗುತ್ತದೋ, ಅದೇ ಮೂಲ.

ಕಾಕ್‌ಗೆ ಕೂರುವ ತುದಿಯಲ್ಲಿ ರಬ್ಬರ್ ವಾಷರ್ ಇರುತ್ತದೆ. ನೀರು ತಡೆಯುವುದು ಆ ವಾಷರ್, ಥ್ರೆಡ್ ಅಲ್ಲ. ಅದಕ್ಕೆ ಟೆಫ್ಲಾನ್ ಟೇಪ್ ಸುತ್ತುವುದು ವ್ಯರ್ಥ. ಟೇಪ್ ಬೇಕಾಗುವುದು ಗೋಡೆಯ ಪೈಪಿಗೆ ಆಂಗಲ್ ಕಾಕ್ ಹಾಕುವಾಗ. ಮೇಲಿನ ತುದಿ ನಲ್ಲಿಯ ಅಡಿಗೆ ಸಣ್ಣ ಥ್ರೆಡ್‌ನಲ್ಲಿ ಹೋಗುತ್ತದೆ, ಕೈಯಲ್ಲಿ ಬಿಗಿದು ಸ್ಪ್ಯಾನರ್‌ನಲ್ಲಿ ಸ್ವಲ್ಪ ಒತ್ತಿದರೆ ಸಾಕು. ಪೈಪಿನ ಮೇಲಿನ ಸ್ಟೀಲ್ ಹೆಣಿಗೆಯಲ್ಲಿ ತುಕ್ಕು ಕಂಡರೆ, ಒಂದು ಎಳೆ ಕಿತ್ತು ಬಂದಿದ್ದರೆ, ಸೋರದಿದ್ದರೂ ಎರಡು ಪೈಪನ್ನೂ ಬದಲಿಸಿ. ಒಳಗಿನ ರಬ್ಬರನ್ನು ಉಬ್ಬದಂತೆ ಹಿಡಿದಿರುವುದು ಆ ಹೆಣಿಗೆಯೇ. ಅದು ಬಿಟ್ಟ ದಿನ ನೀವು ಊರಲ್ಲಿ ಇಲ್ಲದಿದ್ದರೆ ಕೆಳಗಿನ ಮನೆಯವರ ಸೀಲಿಂಗ್‌ಗೆ ಪೇಂಟ್ ಹೊಡೆಸಿಕೊಡಬೇಕಾಗುತ್ತದೆ.

ಇನ್ನೊಂದಿದೆ. ಟಿಶ್ಯೂ ಎಲ್ಲ ಒಣಗಿಯೇ ಇದೆ, ಆದರೂ ಸಂಜೆಗೆ ಕಬೋರ್ಡ್ ಒದ್ದೆ. ಆಗ ಒಂದು ಮಗ್ಗನ್ನು ಮೂತಿಗೆ ಹಿಡಿದು, ಸುತ್ತ ಒಂದು ಹನಿಯೂ ಸಿಡಿಯದ ಹಾಗೆ ನೀರು ಬಿಟ್ಟು ನೋಡಿ. ಕೆಳಗೆ ಒಣಗಿದ್ದರೆ ನಲ್ಲಿ ಸೋರುತ್ತಿಲ್ಲ. ಪಾತ್ರೆ ತೊಳೆಯುವಾಗ ಸಿಡಿದು ನಲ್ಲಿಯ ಬುಡದಲ್ಲಿ ನಿಂತ ನೀರು ಬೇಸಿನ್ ತೂತಿನಿಂದ ಇಳಿಯುತ್ತಿದೆ. ಬುಡದ ರಬ್ಬರ್ ರಿಂಗ್ ಬದಲಿಸಿ, ಅಡಿಯ ನಟ್ ಬಿಗಿ ಮಾಡಿದರೆ ಮುಗಿಯಿತು.

ನೀರು ಸಣ್ಣಗೆ ಬರುತ್ತಿದ್ದರೆ

ಬಿಸಿ ತಣ್ಣನೆ ಎರಡೂ ಸಣ್ಣಗಿದ್ದರೆ ಮೂತಿಯ ಜಾಲರಿ ಬಿಚ್ಚಿ ನೀರು ಬಿಡಿ. ಜೋರಾಗಿ ಬಂದರೆ ಜಾಲರಿ ಕಟ್ಟಿದೆ. ರಾತ್ರಿ ವಿನೆಗರ್‌ನಲ್ಲಿ ನೆನೆಸಿ, ಬೆಳಿಗ್ಗೆ ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜಿ. ಟಾಯ್ಲೆಟ್ ಆ್ಯಸಿಡ್ ಹಾಕಿದರೆ ಬೇಗ ಕರಗುತ್ತದೆ ಅನ್ನುವವರಿದ್ದಾರೆ. ಕರಗುತ್ತದೆ, ಜೊತೆಗೆ ಕ್ರೋಮ್ ಕೂಡ ಹೋಗುತ್ತದೆ.

ಒಂದು ಕಡೆಯದು ಮಾತ್ರ ಸಣ್ಣಗಿದ್ದರೆ ಜಾಲರಿಗೆ ಸಂಬಂಧವಿಲ್ಲ. ಆ ಕಡೆಯ ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ, ಪೈಪ್ ಮಡಿಚಿಕೊಂಡಿದೆಯೇ ನೋಡಿ. ಆಮೇಲೆ ಪೈಪ್ ಬಿಚ್ಚಿ ಬಕೆಟ್‌ಗೆ ನೀರು ಬಿಡಿ. ಬಕೆಟ್‌ಗೆ ಜೋರಾಗಿ ಬಂದರೆ ಕಾರ್ಟ್ರಿಡ್ಜ್ ತೂತು ಕಟ್ಟಿದೆ, ಬರದಿದ್ದರೆ ಹಿಂದಿನ ಲೈನು. ಬೋರ್ ನೀರಿನ ಮನೆಯಲ್ಲಿ ಬಿಸಿ ಕಡೆಯೇ ಮೊದಲು ಕಟ್ಟುವುದು, ಏಕೆಂದರೆ ಕಾಯಿಸಿದಾಗಲೇ ನೀರಿನ ಸುಣ್ಣ ಹೊರಬಿದ್ದು ಗಟ್ಟಿಯಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನವನ್ನು ಲೀಟರಿಗೆ 200 ಮಿಲಿಗ್ರಾಂಗೆ ನಿಲ್ಲಿಸುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪುತ್ತದೆ. ನಿಮ್ಮ ಬೋರ್ ಆ 600ರ ಆಸುಪಾಸಿನಲ್ಲಿದ್ದರೆ ಜಾಲರಿ ತೊಳೆಯುವುದನ್ನು ಹಬ್ಬಕ್ಕೆ ಮನೆ ಗುಡಿಸುವ ಕೆಲಸದ ಜೊತೆ ಸೇರಿಸಿಬಿಡಿ.

ಎಲ್ಲ ಸರಿಯಿದ್ದೂ ಟಾಪ್ ಫ್ಲೋರ್‌ನಲ್ಲಿ ನೀರು ಸಣ್ಣಗೆ ಬಂದರೆ ನಲ್ಲಿಯನ್ನು ಬೈಯಬೇಡಿ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ನಿಮ್ಮ ನಲ್ಲಿಗಿಂತ ಬರೀ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್. ಹೊರದೇಶದ ಎಷ್ಟೋ ಮಿಕ್ಸರ್‌ಗಳು ಕನಿಷ್ಠ 0.5 ಅಥವಾ 1 ಬಾರ್ ಕೇಳುತ್ತವೆ. ಶೋರೂಂನಲ್ಲಿ ಪಂಪ್ ಇಟ್ಟು ಜೋರಾಗಿ ಬಿಟ್ಟು ತೋರಿಸಿದ್ದು ಮನೆಯಲ್ಲಿ ಬರುವುದಿಲ್ಲ. ಕೊಳ್ಳುವಾಗ ಕನಿಷ್ಠ ಒತ್ತಡ ಎಷ್ಟು ಎಂದು ಡಬ್ಬಿ ಮೇಲೆ ಓದಿ.

ಸೋಲಾರ್ ಇದ್ದೂ ಬಿಸಿನೀರು ಬರದಿದ್ದರೆ

ಇದು ನಮ್ಮ ಕಡೆ ಮನೆಗಳಲ್ಲಿ ಹೆಚ್ಚಾಗಿ ಕಾಣುವ, ಯಾರಿಗೂ ಬೇಗ ಹೊಳೆಯದ ತೊಂದರೆ. ತಣ್ಣೀರು ಲೈನಿಗೆ ಪ್ರೆಷರ್ ಪಂಪ್ ಹಾಕಿಸಿರುತ್ತಾರೆ, ಬಿಸಿನೀರು ಸೋಲಾರ್‌ನಿಂದ ತನ್ನಷ್ಟಕ್ಕೆ ಇಳಿಯುತ್ತಿರುತ್ತದೆ. ಯಾವುದೋ ಒಂದು ಮಿಕ್ಸರ್‌ನ ಬಿಲ್ಲೆ ಒಳಗೇ ಸವೆದು ಬಿಸಿ ತಣ್ಣನೆ ತೂತುಗಳ ನಡುವೆ ದಾರಿಯಾದರೆ, ಜೋರಿರುವ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಸೋಲಾರ್ ಟ್ಯಾಂಕಿನ ಗಾಳಿ ಪೈಪಿನಿಂದ ಮಾತ್ರ ಟೆರೇಸ್ ಮೇಲೆ ನೀರು ಸುರಿಯುತ್ತಿರುತ್ತದೆ, ಸ್ನಾನಕ್ಕೆ ಹೋದರೆ ಉಗುರುಬೆಚ್ಚಗಿನ ನೀರು. ಸೋಲಾರ್ ಕೆಟ್ಟಿದೆ ಎಂದು ಸೋಲಾರ್‌ನವರನ್ನು ಕರೆಯುತ್ತೀರಿ, ಅವರು ಎಲ್ಲ ಸರಿಯಿದೆ ಎನ್ನುತ್ತಾರೆ, ಇಬ್ಬರದೂ ಸುಳ್ಳಲ್ಲ.

ಹುಡುಕುವುದು ಹೀಗೆ. ಮನೆಯ ಎಲ್ಲ ಮಿಕ್ಸರ್‌ಗಳ ಬಿಸಿ ಕಡೆಯ ಆಂಗಲ್ ಕಾಕ್ ಮುಚ್ಚಿ. ಟೆರೇಸ್ ಮೇಲೆ ನೀರು ನಿಂತರೆ ಕಳ್ಳ ಒಳಗಿದ್ದಾನೆ. ಒಂದೊಂದಾಗಿ ತೆರೆಯುತ್ತಾ ಬನ್ನಿ, ಯಾವುದನ್ನು ತೆರೆದಾಗ ಮತ್ತೆ ಶುರುವಾಯಿತೋ ಅದರ ಕಾರ್ಟ್ರಿಡ್ಜ್ ಬದಲಿಸಿ. ಮಿಕ್ಸರ್‌ಗೆ ಕೊಳವೆ ಹಾಕಿ ತುದಿಯಲ್ಲಿ ನಿಲ್ಲಿಸುವ ಹ್ಯಾಂಡ್ ಶವರ್ ಇದ್ದರೂ ಇದೇ ಕಥೆ. ಹಿಡಿ ತೆರೆದೇ ಬಿಟ್ಟು ತುದಿಯಲ್ಲಿ ಮುಚ್ಚಿದರೆ ಒಳಗೆ ಎರಡೂ ಲೈನು ಒಂದಾಗುತ್ತವೆ. ಬಿಸಿ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಹಾಕಿಸುವುದು ಇದಕ್ಕೆ ಗಟ್ಟಿ ಪರಿಹಾರ. ಗಾಳಿ ಪೈಪ್ ಕವಲೊಡೆಯುವ ಜಾಗ ದಾಟಿದ ಮೇಲೆ ಹಾಕಬೇಕು, ಗಾಳಿ ಪೈಪಿನ ದಾರಿಗೆ ಅಡ್ಡ ಮಾತ್ರ ಹಾಕಬೇಡಿ.

ನಿಜವಾಗಿ ಬದಲಿಸಲೇಬೇಕಾದಾಗ

ತಳ ಗುಳಿಬಿದ್ದಿದೆ, ನಟ್ ಕೂರುವ ಥ್ರೆಡ್ ಹೋಗಿದೆ, ಬಾಡಿ ಸೀಳಿದೆ, ಅಥವಾ ಕಾರ್ಟ್ರಿಡ್ಜ್ ಎಲ್ಲೂ ಸಿಗುತ್ತಿಲ್ಲ ಎಂದರೆ ಹೊಸದು ತನ್ನಿ. ಅಯಸ್ಕಾಂತ ಇಟ್ಟು ಹಿತ್ತಾಳೆಯೇ ಎಂದು ನೋಡುವವರಿದ್ದಾರೆ, ಆದರೆ ಅಗ್ಗದ ಸತು ಮಿಶ್ರಲೋಹಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಕೈಯಲ್ಲಿ ತೂಗಿ ನೋಡಿ, ಜೊತೆಗೆ ಅಂಗಡಿಯವರನ್ನು ಒಂದು ಮಾತು ಕೇಳಿ: ಇದರ ಕಾರ್ಟ್ರಿಡ್ಜ್ ಬಿಡಿಯಾಗಿ ನಿಮ್ಮಲ್ಲೇ ಸಿಗುತ್ತದೆಯೇ? ಇಲ್ಲ ಎಂದರೆ ಎಷ್ಟು ಚೆನ್ನಾಗಿದ್ದರೂ ಬೇಡ.

ನೀರನ್ನು ಶವರ್‌ಗೋ ಕೆಳಗಿನ ನಲ್ಲಿಗೋ ತಿರುಗಿಸುವ, ಗೋಡೆಯೊಳಗೆ ಹುಗಿಯುವ ಬಾತ್‌ರೂಂ ಡೈವರ್ಟರ್‌ಗೆ ಈ ಮಾತು ಇನ್ನೂ ಮುಖ್ಯ. ಅದರ ಬಾಡಿ ಬದಲಿಸುವುದೆಂದರೆ ಟೈಲ್ಸ್ ಒಡೆಯುವುದು. ಮನೆ ಕಟ್ಟಿಸುವಾಗಲೇ ಮಾಡೆಲ್ ನಂಬರ್ ಇರುವ ಬಿಲ್ ಎತ್ತಿಡಿ, ಒಂದು ಹೆಚ್ಚುವರಿ ಕಾರ್ಟ್ರಿಡ್ಜ್ ಕೊಂಡಿಡಿ.

ಅಮೆರಿಕದಲ್ಲಿ ಹಳೆ ಮನೆ ಕೊಂಡ ನಮ್ಮವರು ಹಿಡಿ ಬಿಚ್ಚಿದಾಗ ಕಾರ್ಟ್ರಿಡ್ಜ್ ಬದಲು ಗುಂಡಿನಂಥದ್ದು ಕಂಡರೆ ಗಾಬರಿಯಾಗಬೇಡಿ. ಡೆಲ್ಟಾ ಕಂಪನಿ 1954ರಲ್ಲಿ ಮಾರುಕಟ್ಟೆಗೆ ತಂದ ಬಾಲ್ ನಮೂನೆ ಅದು. ಅಲ್ಲಿ ಹೆಚ್ಚಾಗಿ ಸವೆಯುವುದು ಗುಂಡಿನ ಕೆಳಗಿನ ಎರಡು ರಬ್ಬರ್ ಸೀಟು ಮತ್ತು ಸ್ಪ್ರಿಂಗ್. ರಿಪೇರಿ ಕಿಟ್ ಇಂದಿಗೂ ಸಿಗುತ್ತದೆ.

ಹಳೆ ನಲ್ಲಿಯನ್ನು ತೆಗೆಯಲು ಬೇಸಿನ್ ಅಡಿಗೆ ಮಲಗಿ, ಕುದುರೆ ಲಾಳದ ಆಕಾರದ ತಗಡನ್ನು ಹಿಡಿದ ನಟ್ ಬಿಚ್ಚಬೇಕು. ಅಲ್ಲಿ ಸ್ಪ್ಯಾನರ್ ಆಡಲು ಜಾಗವಿರುವುದಿಲ್ಲ, ಉದ್ದ ಬಾಕ್ಸ್ ಸ್ಪ್ಯಾನರ್ ಬೇಕು. ಹೊಸ ನಲ್ಲಿಗೆ ಪೈಪ್‌ಗಳನ್ನು ಮೇಲೆಯೇ ಸಿಕ್ಕಿಸಿಕೊಂಡು ಆಮೇಲೆ ತೂತಿನಿಂದ ಒಂದೊಂದಾಗಿ ಇಳಿಸಿ. ಬಿಸಿ ಎಡಕ್ಕೆ, ತಣ್ಣನೆ ಬಲಕ್ಕೆ. ಎಲ್ಲ ಮುಗಿದ ಮೇಲೆ ಕಬೋರ್ಡ್‌ನಲ್ಲಿ ಒಂದು ಹಳೆ ದಿನಪತ್ರಿಕೆ ಹಾಸಿ, ಎರಡೂ ಕಾಕ್ ಪೂರ್ತಿ ತೆರೆದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಕಾಗದದಲ್ಲಿ ಒದ್ದೆ ಗುರುತು ಇದ್ದರೆ ಅದರ ನೇರ ಮೇಲೆ ಯಾವ ಜಾಯಿಂಟ್ ಇದೆ ಎಂದು ನೋಡಿ ಕಾಲು ಸುತ್ತು ಬಿಗಿ ಮಾಡಿ, ಕಾಗದ ಬದಲಿಸಿ.